ಮಾವಶಿ ನೀರು ಕುಡಿಸುತ್ತಿದ್ದ ತಗ್ಗು

ನೂರು ಪುಟದ ಒಂದು ವಹಿ ಇನ್ನೂ ನನ್ನ ಹತ್ತಿರ ಇದೆ. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿದ್ದ ಕಾಲದ್ದು. ಆಗ ನಾನು ವಿಜಾಪುರದ ಕಡೆಯ ಇಂಡಿ ಎಂಬ ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರ. ಲ್ಯಾಬಿನ ದೊಡ್ಡ ಕಂಪ್ಯೂಟರ್ ಏಳುವುದಿಲ್ಲವೆಂದು ಹಟ ಹಿಡಿದ ದಿನಗಳಲ್ಲಿ, ಅದು ಯಾವತ್ತು, ಎಷ್ಟು ಹೊತ್ತಿಗೆ, ಯಾವ ಸಾಲಿಗೆ ಬಂದು ನಿಂತಿತು ಎಂದು ಇದರಲ್ಲಿ ಬರೆದಿಡುತ್ತಿದ್ದೆ. ಎಡಕ್ಕೆ ತಾರೀಖು, ನಡುವೆ ರೋಗದ ಲಕ್ಷಣ, ಬಲಕ್ಕೆ 'ಕೊನೆಗೆ ಏನು ಬದಲಾಯಿತು?' ಎಂಬ ಕಾಲಮ್ಮು. ಕೆಟ್ಟದ್ದನ್ನು ಹುಡುಕುವವನು ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ಹುಡುಗರಿಗೆ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದೆ. ನಿನ್ನೆ ನಡೆಯುತ್ತಿದ್ದದ್ದು ಇವತ್ತು ನಿಂತಿದೆ ಅಂದರೆ ನಡುವೆ ಯಾರೋ ಏನನ್ನೋ ಬದಲಿಸಿದ್ದಾರೆ. ಈ ಪ್ರಶ್ನೆಯನ್ನು ಲ್ಯಾಬಿಗೆ ಬಂದು ಹೋಗುವವರನ್ನೆಲ್ಲ ಕೇಳಿದೆ. ನನ್ನನ್ನು ಮಾತ್ರ ಕೇಳಿಕೊಳ್ಳಲಿಲ್ಲ.

ಆ ಕಂಪ್ಯೂಟರಿಗೆ ಲಿನಕ್ಸ್ ಎಂಬ ಮೂಲ ತಂತ್ರಾಂಶ ಹಾಕಿದವನು ನಾನೇ. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸೀಡಿಯಿಂದ ಹಾಕಿದ್ದೆ. ಉಳಿದ ಕಂಪ್ಯೂಟರುಗಳು ತಿಂಗಳಿಗೊಮ್ಮೆ ವೈರಸ್ ಬಂದು ಮಲಗುತ್ತಿದ್ದವು. ಇದು ಮಾತ್ರ ವರ್ಷದವರೆಗೆ ಎತ್ತಿನ ಹಾಗೆ ದುಡಿದಿತ್ತು. ಗ್ರಂಥಾಲಯದ ಪುಸ್ತಕಗಳ ಪಟ್ಟಿ, ಹುಡುಗರ ಪ್ರಾಜೆಕ್ಟು, ಎಲ್ಲ ಇದರ ಹೊಟ್ಟೆಯಲ್ಲೇ. "ಇದು ಕೆಡೂದಿಲ್ರಿ, ನನ್ನ ಮಾತ ಬರೆದಿಟ್ಕೋರಿ" ಎಂದು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಹೇಳಿದವನು ನಾನು. ಹಾಗಾಗಿ ಅದು ನಿಂತಾಗ ಕೆಟ್ಟದ್ದು ಬರೀ ಕಂಪ್ಯೂಟರಾಗಿರಲಿಲ್ಲ, ನನ್ನ ಮುಖವೂ ಕೆಟ್ಟಿತು.

ಲ್ಯಾಬಿಗೆ ಒಂದು ಕಟ್ಟುನಿಟ್ಟಿತ್ತು. ದೇವರ ಮನೆಗೆ ಹೋದ ಹಾಗೆ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು. ಧೂಳು ಬರಬಾರದು ಎಂಬುದು ಕಾರಣ. ಈ ನಿಯಮ ಮಾಡಿದ ನಾನು ಮಾತ್ರ ರಬ್ಬರಿನ ಅಟ್ಟೆಯ ಚಪ್ಪಲಿ ಹಾಕಿಕೊಂಡೇ ಒಳಗೆ ತಿರುಗುತ್ತಿದ್ದೆ. ಮಾಸ್ತರನಾದ ಮೇಲೆ ಅಷ್ಟಾದರೂ ಬೇಡವೇ ಎಂಬ ಜಂಬ. ಈ ಚಪ್ಪಲಿಯ ಸಂಗತಿ ಮುಂದೆ ಬರುತ್ತದೆ.

ಲ್ಯಾಬಿನ ಕೀಲಿಕೈ ಇರುತ್ತಿದ್ದದ್ದು ಮಾವಶಿಯ ಸೊಂಟದಲ್ಲಿ. ಕಾಲೇಜಿನ ಕಸ ಗುಡಿಸಿ, ನೀರು ತುಂಬುವ ಹೆಂಗಸು. ಐವತ್ತರ ಆಚೀಚೆ ವಯಸ್ಸು. ಹುಡುಗರಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರೂ ಅವಳನ್ನು ಚಿಕ್ಕಮ್ಮ ಅನ್ನುವ ಹಾಗೆ ಮಾವಶಿ ಎಂದೇ ಕರೆಯುತ್ತಿದ್ದೆವು. ಹನ್ನೊಂದು ವರ್ಷ ದಿನಗೂಲಿಯ ಮೇಲೆ ದುಡಿದಿದ್ದಳು. ಆ ಬೇಸಿಗೆಯಲ್ಲಿ ಸಂಸ್ಥೆಯವರು ಹಳೆಯ ಆಳುಗಳನ್ನು ಕಾಯಂ ಮಾಡುತ್ತಾರೆ, ಪ್ರಿನ್ಸಿಪಾಲರು ಬರೆದು ಕಳಿಸುವ ಪಟ್ಟಿಯಲ್ಲಿ ಮಾವಶಿಯ ಹೆಸರಿದೆ ಎಂಬ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಅವಳಂತೂ ಅದನ್ನು ಬಾವಿಯ ಹತ್ತಿರ, ಗೇಟಿನ ಹತ್ತಿರ, ಸಿಕ್ಕವರಿಗೆಲ್ಲ ಹೇಳಿ ಆಗಿತ್ತು.

ಮಾವಶಿಗೆ ಒಂದು ರೂಢಿ ಇತ್ತು. ಬೆಳಿಗ್ಗೆ ಲ್ಯಾಬು ಗುಡಿಸಿದ ಮೇಲೆ ಒಂದು ಕೊಡ ನೀರು ಹೊತ್ತುಕೊಂಡು ಹಿಂದುಗಡೆ ಹೋಗುತ್ತಿದ್ದಳು. ಅಲ್ಲಿ ಕಿಟಕಿಯ ಕೆಳಗೆ ಒಂದು ಒಡಕು ಹಾಸುಗಲ್ಲು. ಅದರ ಸಂದಿಯಲ್ಲಿ ನೀರು ಸುರಿಯುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಒಂದು ಮುಷ್ಟಿ ಹರಳುಪ್ಪು ಹಾಕುತ್ತಿದ್ದಳು. ಕಲ್ಲಿನ ಮೇಲೆ ಮೂರು ಗೆರೆ ವಿಭೂತಿ, ಒಂದು ಬೊಟ್ಟು ಕುಂಕುಮ. ನಾನು ಬಸವನ ಬಾಗೇವಾಡಿಯ ಕಡೆಯವನು. ಕಂಡ ಕಂಡ ಕಲ್ಲಿಗೆ ಕುಂಕುಮ ಹಚ್ಚುವವರನ್ನು ನೋಡಿ ನಗುವುದು ನಮ್ಮ ಮನೆತನದಲ್ಲೇ ಇತ್ತು. ಸಾಲದ್ದಕ್ಕೆ ಕಂಪ್ಯೂಟರ್ ಬೇರೆ ಕಲಿತಿದ್ದೆ. ಆ ನೀರಿನಿಂದ ಲ್ಯಾಬಿನ ಗೋಡೆ ಮೊಳದೆತ್ತರ ತೇವ ಹಿಡಿದು ಸುಣ್ಣ ಉದುರುತ್ತಿತ್ತು. ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ದಿನ ನನಗೆ ರೇಗಿತು.

"ಮಾವಶಿ, ನಾಳಿಂದ ಈ ನೀರ ಹಾಕೂದ ಬಂದ್ ಮಾಡ್ರಿ."

"ಸರ, ಅದು ಕುಡೀತೈತ್ರಿ. ಬ್ಯಾಸಗ್ಯಾಗ ಬಿಟ್ರ..."

"ಕಲ್ಲು ನೀರ ಕುಡೀತೈತೇನು? ಗ್ವಾಡಿ ಬಿದ್ದರ ನಿಮ್ಮ ದೇವರು ಕಟ್ಟಿಸಿ ಕೊಡ್ತಾನೇನು?"

ಹಿಂದೆ ನಿಂತಿದ್ದ ಹುಡುಗರು ನಕ್ಕರು. ಅವರು ನಕ್ಕದ್ದು ನನಗೆ ಹಿತವಾಯಿತು, ಇನ್ನೆರಡು ಮಾತು ಸೇರಿಸಿದೆ. ಮಾವಶಿ ತನ್ನ ವಾಕ್ಯ ಮುಗಿಸಲಿಲ್ಲ, ಕೊಡ ಎತ್ತಿಕೊಂಡು ಹೋದಳು. ಮರುದಿನದಿಂದ ನೀರು ನಿಂತಿತು. ಈ ವಹಿಯ ಬಲಗಡೆಯ ಕಾಲಮ್ಮಿನಲ್ಲಿ ಆ ಸಂಗತಿ ಎಲ್ಲೂ ಇಲ್ಲ. ಅದು ಕಂಪ್ಯೂಟರಿಗೆ ಸಂಬಂಧಪಟ್ಟದ್ದು ಎಂದು ನನಗೆ ಅನ್ನಿಸಿಯೇ ಇರಲಿಲ್ಲ.

ಮೂರು ನಾಲ್ಕು ವಾರ ಕಳೆದಿರಬೇಕು, ರೋಗ ಶುರುವಾಯಿತು. ಆ ಕಾಲದ ಲಿನಕ್ಸ್ ಏಳುವಾಗ ಕಪ್ಪು ಪರದೆಯ ಮೇಲೆ ಮೊದಲು ನಾಲ್ಕು ಅಕ್ಷರ ಒಂದೊಂದಾಗಿ ಮೂಡುತ್ತಿದ್ದವು. ಒಂದು ಅಕ್ಷರ ಬಂತೆಂದರೆ ಒಂದು ಮೆಟ್ಟಿಲು ದಾಟಿತೆಂದು ಲೆಕ್ಕ. ಒಂದು ಬೆಳಿಗ್ಗೆ ಎರಡೇ ಅಕ್ಷರ ಬಂದು ನಿಂತವು. ಆರಿಸಿ ಹಚ್ಚಿದೆ, ಮತ್ತೆ ಎರಡೇ. ಐದನೆಯ ಸಲಕ್ಕೆ ಎದ್ದಿತು. ಮರುದಿನ ನಾಲ್ಕೂ ಬಂದವು, ಆದರೆ ಡಿಸ್ಕಿನ ತಪಾಸಣೆಗೆ ಕೂತು 'ಇದು ಹಾಳಾಗಿದೆ, ಸರಿಪಡಿಸಲೇ?' ಎಂದು ಒಂದೇ ಸವನೆ ಕೇಳತೊಡಗಿತು. ಹೌದು, ಹೌದು ಎಂದು ಕೀಲಿ ಒತ್ತಿ ಒತ್ತಿ ಬೆರಳು ಸೋತಿತು. ಎದ್ದ ಮೇಲೆ ನೋಡಿದರೆ ಗ್ರಂಥಾಲಯದ ಪಟ್ಟಿಯಲ್ಲಿ ಅರ್ಧ ಪುಸ್ತಕಗಳೇ ಇಲ್ಲ. ಅದೇ ವಾರ ಪಾಠದ ನಡುವೆ ಕರ್ನಲ್ ಪ್ಯಾನಿಕ್, ಅಂದರೆ ಇನ್ನು ನನ್ನಿಂದಾಗದು, ಎಂದು ಬರೆದು, ಎಲ್ಲರೆದುರು ಕಲ್ಲಾಗಿ ಕೂತಿತು.

ನಾನು ಬಿಡುವ ಆಸಾಮಿಯಲ್ಲ. ಮೆಮೊರಿ ಪಟ್ಟಿಗಳನ್ನು ತೆಗೆದು ಒಂದೊಂದಾಗಿ ಹಾಕಿ ನೋಡಿದೆ. ಇಡೀ ದಿನ ಮೆಮೊರಿ ಪರೀಕ್ಷೆ ಓಡಿಸಿದೆ, ಒಂದು ತಪ್ಪೂ ಸಿಗಲಿಲ್ಲ. ಡಿಸ್ಕಿನ ಕೇಬಲ್ ಬದಲಿಸಿದೆ. ಫ್ಲಾಪಿಯಿಂದ ಎಬ್ಬಿಸಿದೆ. ಎಲ್ಲ ಅಳಿಸಿ ಹೊಸದಾಗಿ ಲಿನಕ್ಸ್ ಹಾಕಿದೆ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಮತ್ತೆ ಅದೇ ಎರಡು ಅಕ್ಷರ. ಹುಡುಗರು ಕಂಪ್ಯೂಟರಿನ ತಗಡಿನ ಡಬ್ಬಿ ತೋರಿಸಿ "ಸರ್, ಡಬ್ಬಿ ಮುಟ್ಟಿದ್ರ ಜುಂ ಅಂತೈತ್ರಿ" ಅನ್ನುತ್ತಿದ್ದರು. "ಓದಾಕ ಬ್ಯಾಸರಾದ್ರ ಎಲ್ಲಾ ಜುಂ ಅಂತೈತಿ" ಎಂದು ಗದರಿಸಿದ್ದೆ. ನಾನೂ ಮುಟ್ಟಿ ನೋಡಿದೆ, ಏನೂ ಆಗಲಿಲ್ಲ. ನನ್ನ ಕಾಲಲ್ಲಿ ರಬ್ಬರಿನ ಚಪ್ಪಲಿ ಇತ್ತು.

ಕೊನೆಗೆ ಡಬ್ಬಿಯನ್ನು ಹಳೆಯ ಚಾದರಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಿಜಾಪುರಕ್ಕೆ ಹೋದೆ. ರಿಪೇರಿ ಅಂಗಡಿಯವನು ಎರಡು ದಿನ ಇಟ್ಟುಕೊಂಡ. ಅಲ್ಲಿ ಅದು ಒಂದು ಸಲವೂ ನಿಲ್ಲಲಿಲ್ಲ. "ಏನೂ ಆಗಿಲ್ರಿ ಇದಕ್ಕ, ನಿಮ್ಮ ಲ್ಯಾಬಿನ್ಯಾಗ ಏನೋ ಐತಿ ನೋಡ್ರಿ" ಎಂದ. ಅವನು ಸರಿಯಾಗಿಯೇ ಹೇಳಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಅದಕ್ಕೆ ಅಡ್ಡದಾರಿಯ ಅರ್ಥ ಹಚ್ಚಿದೆ. ಯಂತ್ರದಲ್ಲಿ ದೋಷವಿಲ್ಲ ಅಂದರೆ ಮನುಷ್ಯರಲ್ಲಿದೆ. ನನಗಿಂತ ಮೊದಲು ಲ್ಯಾಬಿನ ಬೀಗ ತೆಗೆಯುವವರು ಯಾರು? ಇಂಡಿ ಬರುವಷ್ಟರಲ್ಲಿ ಕಳ್ಳ ಸಿಕ್ಕೇಬಿಟ್ಟ ಎಂಬಷ್ಟು ಖಾತ್ರಿಯಾಗಿತ್ತು.

ಆ ಸಂಜೆಯೇ ಡಬ್ಬಿಯನ್ನು ಲ್ಯಾಬಿನಲ್ಲಿ ಜೋಡಿಸಿಟ್ಟು, ಮರುದಿನ ಬೇಕೆಂದೇ ಎಂಟು ಗಂಟೆಗೆ ಹೋಗಿ ಬಾಗಿಲಲ್ಲಿ ನಿಂತೆ. ಮಾವಶಿ ಅರಿವೆ ಹಿಡಿದು ಟೇಬಲ್ ಒರೆಸುತ್ತಿದ್ದಳು. ದೊಡ್ಡ ಕಂಪ್ಯೂಟರಿನ ಹತ್ತಿರ ಬಂದವಳೇ ಗೋಡೆಯ ಪ್ಲಗ್ ಹಿಡಿದು ಎಳೆದಳು.

"ಏ, ಕೈ ತಗಿ!" ಎಂದು ಕೂಗಿದೆ. ಆವರೆಗೆ ಅವಳ ಜೊತೆ ನಾನು ಬಹುವಚನ ಬಿಟ್ಟು ಮಾತಾಡಿದವನಲ್ಲ.

"ಸರ, ಈ ಡಬ್ಬಿ ಕಚ್ಚತೈತ್ರಿ. ವಾಯರ ಕಿತ್ತರ ಕಚ್ಚೂದಿಲ್ಲ. ಒರಿಸಿ ಮತ್ತ ಹಚ್ಚತೇನಿ."

"ದಿನಾ ಹಿಂಗ ಮಾಡ್ತಿದ್ದೇನು?"

"ಅದು ಕಚ್ಚಾಕ ಹತ್ತಿದ ಮ್ಯಾಲ ದಿನಾ ಹಿಂಗ ಒರಸ್ತೇನ್ರಿ. ನೀರ ಹಾಕೂದ ಬಿಟ್ಟ ಮ್ಯಾಲನ ಕಚ್ಚಾಕತ್ತೈತ್ರಿ ಅದು."

ಇಡೀ ಪತ್ತೆಯನ್ನು ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದಳು. ನಾನು ಕೇಳಿಸಿಕೊಂಡದ್ದು ವಾಯರ ಕಿತ್ತೆ ಎಂಬ ಒಂದೇ ಮಾತು.

ಅವತ್ತೇ ಒಂದು ಚೀಟಿ ಬರೆದು ಪ್ರಿನ್ಸಿಪಾಲರ ಟೇಬಲ್ಲಿನ ಮೇಲಿಟ್ಟೆ. 'ಕಂಪ್ಯೂಟರ್ ಚಾಲೂ ಇರುವಾಗಲೇ ಆಳು ಪ್ಲಗ್ ಕೀಳುತ್ತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಗ್ರಂಥಾಲಯದ ಪಟ್ಟಿ ಹಾಳಾಗಲು ಇದೇ ಕಾರಣ.' ಅವರು ಎರಡು ಸಲ ಓದಿ ಕನ್ನಡಕ ತೆಗೆದರು. ಮಾತು ಕಮ್ಮಿ, ಯಾವುದನ್ನೂ ಅವಸರದಲ್ಲಿ ಮಾಡುವವರಲ್ಲ.

"ಚಾಲೂ ಇತ್ತೇನ್ರಿ ಮಾಸ್ತರ? ನೋಡೀರಿ ನೀವು?"

ನಾನು ನೋಡಿರಲಿಲ್ಲ. ಹಿಂದಿನ ಸಂಜೆ ನಾನೇ ಅದನ್ನು ಬಂದ್ ಮಾಡಿ ಹೋಗಿದ್ದೆ. ಆರಿದ ಕಂಪ್ಯೂಟರಿನ ವಾಯರು ಕಿತ್ತರೆ ಅದಕ್ಕೆ ಏನೂ ಆಗುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಷ್ಟು ದಿನ ಸೋತು ಸುಣ್ಣವಾಗಿದ್ದೆ, ಕೈಗೆ ಸಿಕ್ಕ ಉತ್ತರವನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ.

"ಇತ್ರಿ ಸರ್."

"ಖಾತ್ರಿ ಐತಿ?"

"ಐತ್ರಿ."

"ಹಂಗಾದ್ರ ಪಟ್ಟ್ಯಾಗ ಆಕಿ ಹೆಸರ ಹೆಂಗ ಇಡೂದ್ರಿ" ಎಂದು ತಮ್ಮಷ್ಟಕ್ಕೇ ಅಂದುಕೊಂಡು ಚೀಟಿಯನ್ನು ಮಡಚಿ ಡ್ರಾವರಿನಲ್ಲಿಟ್ಟರು. ಆ ಮಾತು ಕೇಳಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಮಾವಶಿಯ ಹತ್ತಿರ ಲ್ಯಾಬಿನ ಕೀಲಿಕೈ ಇಸಿದುಕೊಂಡೆ. ಅವಳು ಎರಡೂ ಕೈಯಿಂದ ಕೊಟ್ಟಳು.

ಇದಾಗಿ ಐದನೆಯ ದಿನ. ನಾನೇ ಬೀಗ ತೆಗೆದು, ನಾನೇ ಗುಡಿಸಿದ ಲ್ಯಾಬಿನಲ್ಲಿ ಆ ಕಂಪ್ಯೂಟರ್ ಎರಡು ಅಕ್ಷರ ಬರೆದು ನಿಂತುಕೊಂಡಿತ್ತು. ಸಿಟ್ಟಿನಿಂದ ಎದ್ದ ರಭಸಕ್ಕೆ ಕುರ್ಚಿಯ ಕಾಲಿಗೆ ಸಿಕ್ಕಿ ಚಪ್ಪಲಿಯ ಉಂಗುಷ್ಠ ಕಿತ್ತಿತು. ಬರಿಗಾಲಲ್ಲಿ ಹೋಗಿ ಡಬ್ಬಿಯ ಮೇಲೆ ಕೈಯಿಟ್ಟೆ. ಮೊಣಕೈವರೆಗೆ ಜುಂ ಎಂದಿತು. ಕೈ ತೆಗೆದು ಮತ್ತೆ ಇಟ್ಟೆ, ಮತ್ತೆ ಜುಂ. ಹುಡುಗರಿಗೆ ಎರಡು ತಿಂಗಳಿಂದ ಗೊತ್ತಿದ್ದದ್ದು, ಮಾವಶಿಗೆ ಗೊತ್ತಿದ್ದದ್ದು, ನನಗೆ ಅವತ್ತು ಗೊತ್ತಾಯಿತು. ಡಬ್ಬಿಯ ತಗಡಿನಿಂದ ನೆಲಕ್ಕೆ ಹರಿದುಹೋಗಬೇಕಾದ ಕರೆಂಟು ಹೋಗುತ್ತಿಲ್ಲ. ಅರ್ಥಿಂಗ್ ಸತ್ತಿದೆ.

ಅರ್ಥಿಂಗಿನ ವಾಯರಿನ ಜಾಡು ಹಿಡಿದುಕೊಂಡೇ ಹೊರಗೆ ಹೋದೆ. ಅದು ಗೋಡೆ ಇಳಿದು, ನೇರ ಬಂದು, ಮಾವಶಿಯ ಆ ಹಾಸುಗಲ್ಲಿನ ಕೆಳಗೆ ಹೊಕ್ಕಿತ್ತು. ಕಲ್ಲು ಸರಿಸಿದೆ. ಕೆಳಗೆ ಒಂದು ತಗ್ಗು, ನಡುವೆ ಕಬ್ಬಿಣದ ಪೈಪು, ಸುತ್ತ ಇದ್ದಿಲ ಚೂರು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಹೇಗೆ ಬಾಯಿ ಬಿಡುತ್ತದೆಂದು ಇಂಡಿಯವರಿಗೆ ಹೇಳಬೇಕಾಗಿಲ್ಲ. ಮಣ್ಣು ಪೈಪನ್ನು ಬಿಟ್ಟು ಹಿಂದೆ ಸರಿದಿತ್ತು. ಆ ಬಿರುಕಿನಲ್ಲಿ ನನ್ನ ಅಂಗೈ ಇಳಿಯಿತು. ಅರ್ಥಿಂಗ್ ತಗ್ಗಿಗೆ ಉಪ್ಪುನೀರು ಹಾಕಿ ಹಸಿ ಇಡಬೇಕು ಎಂದು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನು. ಅದು ವಿಭೂತಿ ಹಚ್ಚಿದ ಕಲ್ಲಿನ ಕೆಳಗೆ ಇರಬಹುದೆಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಲ್ಯಾಬು ಕಟ್ಟಿದಾಗ ವಾಯರಮನ್ ಮಾವಶಿಗೆ ಹೇಳಿ ಹೋಗಿದ್ದನಂತೆ, ಇದಕ್ಕೆ ದಿನಾ ನೀರು ಕುಡಿಸಬೇಕು ಎಂದು. ಅವಳು ಕುಡಿಸಿದಳು. ಕೂಸಿಗೆ ಇಟ್ಟ ಹಾಗೆ ಒಂದು ಬೊಟ್ಟೂ ಇಟ್ಟಳು.

ನಾನೇ ಎರಡು ಕೊಡ ನೀರು ತಂದು, ಉಪ್ಪು ಕದಡಿ ಸುರಿದೆ. ತಗ್ಗು ಗಟಗಟ ಕುಡಿಯಿತು. ಇನ್ನೂ ಎರಡು ಕೊಡ ಸುರಿದೆ. ಒಳಗೆ ಬಂದು ಬರಿಗಾಲಲ್ಲೇ ಡಬ್ಬಿ ಮುಟ್ಟಿದೆ, ಸುಮ್ಮನಿತ್ತು. ಗುಂಡಿ ಒತ್ತಿದೆ. ನಾಲ್ಕು ಅಕ್ಷರ ಪಟಪಟನೆ ಬಂದವು. ಅವತ್ತಿನಿಂದ ಆ ಬೇಸಿಗೆ ಮುಗಿಯುವವರೆಗೆ ಅದು ಒಮ್ಮೆಯೂ ನಿಲ್ಲಲಿಲ್ಲ.

ಆಗಲೇ ಎದ್ದು ಪ್ರಿನ್ಸಿಪಾಲರ ಕೋಣೆಗೆ ಹೋಗಬೇಕಿತ್ತು. ನನ್ನ ಲ್ಯಾಬಿನಿಂದ ಅವರ ಕೋಣೆಗೆ ನಲವತ್ತು ಹೆಜ್ಜೆ. ಬಾಗಿಲವರೆಗೆ ಹೋದೆ ಕೂಡ. ಒಳಗೆ ಯಾರೋ ಕೂತಿದ್ದರು, ಅದೇ ನೆಪ ಸಾಕಾಯಿತು. ಪಟ್ಟಿ ಇಷ್ಟೊತ್ತಿಗೆ ಹೋಗಿಯೇ ಇರುತ್ತದೆ, ಈಗ ಹೇಳಿ ಏನು ಪ್ರಯೋಜನ, ಮುಂದಿನ ವರ್ಷ ಮತ್ತೆ ಪಟ್ಟಿ ಮಾಡುತ್ತಾರೆ, ಆಗ ನಾನೇ ನಿಂತು ಹೇಳಿದರಾಯಿತು ಎಂದು ಸಮಾಧಾನ ಹೇಳಿಕೊಂಡು ಬಂದೆ. ವಹಿಯಲ್ಲಿ ಆ ದಿನದ ಸಾಲು ಹೀಗಿದೆ: 'ಅರ್ಥಿಂಗ್ ಸರಿಪಡಿಸಲಾಯಿತು.' ಕೆಡಿಸಿದವನಾರು, ಸರಿಪಡಿಸಿದವನಾರು, ಒಂದೂ ಇಲ್ಲ. ನಾನು ಹೇಡಿ ಎಂಬುದಕ್ಕೆ ನನ್ನದೇ ಅಕ್ಷರದ ಸಾಕ್ಷಿ ಅದು.

ಮಾವಶಿಯ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಅವಳು ಯಾರ ಹತ್ತಿರವೂ ಜಗಳ ಮಾಡಲಿಲ್ಲ. ಮಳೆಗಾಲಕ್ಕೆ ಮೊದಲು ಕೆಲಸ ಬಿಟ್ಟು ಸಿಂದಗಿಯ ತನ್ನ ತಂಗಿಯ ಮನೆಗೆ ಹೋದಳು ಎಂದು ತಿಳಿಯಿತು.

ಎರಡು ವರ್ಷದ ಮೇಲೆ ಪರೀಕ್ಷೆಯ ಕೆಲಸಕ್ಕೆಂದು ಸಿಂದಗಿಗೆ ಹೋದವನು ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಊಟಕ್ಕೆ ಕೂತೆ. ಒಳಗೆ ರೊಟ್ಟಿ ಬಡಿಯುವ ಸದ್ದು. ಬಿಸಿ ರೊಟ್ಟಿ ತಂದು ತಾಟಿಗೆ ಹಾಕಿದ ಕೈ ಅಲ್ಲೇ ನಿಂತಿತು. ಮಾವಶಿ.

"ಸರ! ಆರಾಮ ಅದೀರಿ? ಆ ಡಬ್ಬಿ ಹೆಂಗೈತ್ರಿ ಈಗ?"

"ಚೊಲೋ ಐತಿ ಮಾವಶಿ."

"ತಗ್ಗಿಗೆ ನೀರ ಕುಡಸತಾರಿಲ್ರೀ ಯಾರರೆ?"

"ನಾನ ಹಾಕತೇನಿ, ದಿನಾ."

ಅವಳ ಮುಖ ಅರಳಿತು. ನನ್ನನ್ನು ಬಯ್ಯಲಿಲ್ಲ, ನಾ ಹೇಳಿದ್ದೆನಲ್ಲ ಎಂದೂ ಅನ್ನಲಿಲ್ಲ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಸೆರಗಿನಿಂದ ಹಣೆ ಒರೆಸಿಕೊಂಡು, ದನಿ ಇಳಿಸಿ ಕೇಳಿದಳು: "ಅದು ನನ್ನ ಕೈಯಿಂದ ಕೆಟ್ಟಿದ್ದಲ್ಲಂತ ದೊಡ್ಡ ಸರಗ ಹೇಳೀರಿಲ್ರೀ?"

ಹೇಳಿಲ್ಲ ಅನ್ನಬೇಕಿತ್ತು.

"ಹೇಳೇನಿ ಮಾವಶಿ. ಆಗ ಹೇಳೇನಿ."

"ಹೇಳೀರಿ?" ಎಂದಳು. ಕೈಗೆ ಹತ್ತಿದ ಹಿಟ್ಟನ್ನು ಉಜ್ಜಿ ಉಜ್ಜಿ ತೆಗೆದಳು. "ಹೋಗ್ಲಿ ಬಿಡ್ರಿ. ನೀವರೆ ಹೇಳಿದ್ರಲ್ಲ." ಒಳಗೆ ಹೋಗಿ ಇನ್ನೊಂದು ರೊಟ್ಟಿ ತಂದು, ಬೇಡವೆಂದರೂ ಬಿಡದೆ ತಾಟಿಗೆ ಹಾಕಿದಳು. ಅದನ್ನು ತಿಂದು ಮುಗಿಸಿ ಎದ್ದೆ.

ಇಂಡಿಗೆ ಮರಳಿದ ಕೂಡಲೇ ಆ ಸುಳ್ಳನ್ನು ನಿಜ ಮಾಡಿಬಿಡಬೇಕೆಂದು ಬಸ್ಸಿನಲ್ಲಿ ನಿಶ್ಚಯ ಮಾಡಿದ್ದೆ. ನಿಶ್ಚಯ ವಾರದವರೆಗೆ ಗಟ್ಟಿಯಾಗಿತ್ತು. ಆಮೇಲೆ ಸೆಮಿಸ್ಟರ್ ಬಂತು, ಆಮೇಲೆ ರಜೆ ಬಂತು, ಆಮೇಲೆ ಪ್ರಿನ್ಸಿಪಾಲರು ನಿವೃತ್ತರಾಗಿ ತಮ್ಮೂರಿಗೆ ಹೋದರು.

ಅವರು ಮತ್ತೆ ಸಿಕ್ಕಿದ್ದು ಮುದ್ದೇಬಿಹಾಳದಲ್ಲಿ, ಹಳೆಯ ವಿದ್ಯಾರ್ಥಿಯೊಬ್ಬನ ಮದುವೆಯ ಊಟಕ್ಕೆ ಕೂತಾಗ. ಪಕ್ಕದ ಎಲೆಯಲ್ಲೇ ಕೂತಿದ್ದರು. ಅದು ಇದು ಮಾತಾಡುತ್ತ, ಹೋಳಿಗೆ ಮುರಿಯುತ್ತ ಅಂದರು:

"ಮಾಸ್ತರ, ನಮ್ಮ ಮಾವಶಿ ಹ್ವಾದ ತಿಂಗಳ ಸಿಂದಗ್ಯಾಗ ಸಿಕ್ಕಿದ್ಲರಿ. ನಾನ ಹೋಗಿ ಮಾತಾಡಿಸಿದೆ. 'ನಿಮಗ ಖರೇ ಗೊತ್ತಿದ್ದೂ ನನ್ನ ತಿರುಗಿ ಕೆಲಸಕ್ಕ ಕರೀಲಿಲ್ಲಲ್ರಿ' ಅಂದಾಕಿನ ಮುಖಾ ತಿರುವಿ ಹ್ವಾದ್ಲು. ಏನ ಗೊತ್ತಿತ್ರಿ ನನಗ?"

ಮಾಡಿದ್ದು ನಾನು, ಆ ಮುಖ ಕಂಡದ್ದು ಅವರು. ಇನ್ನು ತಡೆಯಲಾಗಲಿಲ್ಲ. ಕೈಯಲ್ಲಿನ ತುತ್ತು ಎಲೆಗಿಟ್ಟು ಎಲ್ಲ ಹೇಳಿದೆ. ನೀರು ನಿಲ್ಲಿಸಿದವನು ನಾನು ಎಂದೆ. ಅವತ್ತು ಕಂಪ್ಯೂಟರ್ ಚಾಲೂ ಇರಲಿಲ್ಲ ಎಂದೆ. ಖಾನಾವಳಿಯಲ್ಲಿ ಹೇಳಿದ ಸುಳ್ಳನ್ನೂ ಹೇಳಿದೆ. ಅವರು ಊಟ ನಿಲ್ಲಿಸಿ ಕೇಳಿಸಿಕೊಂಡರು. ಮುಗಿದ ಮೇಲೆ ಕೇಳಿದರು:

"ಖರೇ ಸಂಗತಿ ನಿಮಗ ಯಾವಾಗ ತಿಳೀತ್ರಿ?"

"ಚೀಟಿ ಕೊಟ್ಟ ಐದನೇ ದಿನಾರಿ ಸರ್. ಅಷ್ಟೊತ್ತಿಗೆ ಪಟ್ಟಿ ಹೋಗಿತ್ತು ಅಂತ..."

"ಹೋಗಿರಲಿಲ್ರಿ." ಅವರು ತಮ್ಮ ಎಲೆಯನ್ನೇ ನೋಡುತ್ತಿದ್ದರು. "ಮಾವಶಿ ಅಂಥಾಕಿ ಅಲ್ಲಂತ ನನ್ನ ಮನಸ್ಸಿಗೆ ಅನಸಾಕತ್ತಿತ್ತು. ನೀವು ಸಿಟ್ಟಿನ್ಯಾಗ ಬರದೀರಿ, ಇಳದ ಮ್ಯಾಲ ಬಂದು ಏನರೆ ಹೇಳ್ತೀರಂತ ಪಟ್ಟಿ ಡ್ರಾವರಿನ್ಯಾಗ ಇಟ್ಟಕೊಂಡ ಕುಂತಿದ್ದೆ. ಒಂಬತ್ತ ದಿನಾ ಕಾದೇನ್ರಿ."

ಎಲೆ ಮಡಚಿ ಎದ್ದು ಕೈ ತೊಳೆಯಲು ಹೋದರು. ನಾನು ಕೂತೇ ಇದ್ದೆ. ಐದರಿಂದ ಒಂಬತ್ತಕ್ಕೆ ನಾಲ್ಕು ದಿನ, ನಲವತ್ತು ಹೆಜ್ಜೆ. ಬಡಿಸುವವನು ಬಂದು ಇನ್ನೊಂದು ಹೋಳಿಗೆ ಹಾಕಿ ಹೋದ. ನನಗೆ ಬೇಡ ಅನ್ನಲಾಗಲಿಲ್ಲ, ತಿನ್ನಲೂ ಆಗಲಿಲ್ಲ.